ದಿನಾಂಕದ ಪ್ರಕಾರ ಉದ್ಯೋಗ ಪ್ರಕಟಣೆಗಳ ಸೋಸುವಿಕೆ

ದಿನಾಂಕದ ಪ್ರಕಾರ ಉದ್ಯೋಗ ಪ್ರಕಟಣೆಗಳ ಸೋಸುವಿಕೆ ಎಂಬುದು ನೇಮಕಾತಿ ಶೋಧ ವ್ಯವಸ್ಥೆಗಳಲ್ಲಿ ನಿರ್ದಿಷ್ಟ ಕಾಲಾವಧಿಗೆ ಸೇರಿದ ಪ್ರಕಟಣೆಗಳನ್ನು ಮಾತ್ರ ಉಳಿಸಿಕೊಂಡು ಉಳಿದವನ್ನು ಮರೆಮಾಡುವ ವಿಧಾನವಾಗಿದೆ. ಉದ್ಯೋಗ ಜಾಲತಾಣಗಳಲ್ಲಿ ಇದು ಸಾಮಾನ್ಯವಾಗಿ ‘ಕಳೆದ 24 ಗಂಟೆ’, ‘ಕಳೆದ 7 ದಿನ’, ‘ಕಳೆದ ತಿಂಗಳು’ ಎಂಬ ಆಯ್ಕೆಗಳ ರೂಪದಲ್ಲಿ ಕಾಣಿಸುತ್ತದೆ. ಬಳಕೆಯಲ್ಲಿ ಇದನ್ನು ದಿನಾಂಕ ಫಿಲ್ಟರ್ ಎಂದು ಕರೆಯುತ್ತಾರೆ. ನೋಡಲು ಸರಳವಾದ ಈ ಸೌಲಭ್ಯದ ಹಿಂದೆ ಒಂದು ತೊಡಕಿದೆ: ಪ್ರತಿಯೊಂದು ಉದ್ಯೋಗ ಪ್ರಕಟಣೆಗೂ ಒಂದಕ್ಕಿಂತ ಹೆಚ್ಚು ದಿನಾಂಕಗಳಿರುತ್ತವೆ, ಫಿಲ್ಟರ್ ಅವುಗಳಲ್ಲಿ ಒಂದನ್ನು ಮಾತ್ರ ನೋಡುತ್ತದೆ. ಯಾವುದನ್ನು ನೋಡುತ್ತದೆ ಎಂಬುದನ್ನು ಪರದೆಯ ಮೇಲೆ ಸ್ಪಷ್ಟವಾಗಿ ತಿಳಿಸಿರುವುದು ಅಪರೂಪ. ಇನ್ನೂ ತೆರೆದಿರುವ ಹುದ್ದೆಯೊಂದು ಉದ್ಯೋಗಾರ್ಥಿಯ ಕಣ್ಣಿಗೆ ಬೀಳದೆ ಹೋಗುವುದಕ್ಕೂ, ಎಂದೋ ಭರ್ತಿಯಾದ ಹುದ್ದೆಗೆ ಅರ್ಜಿ ಹಾಕಿ ಉತ್ತರಕ್ಕಾಗಿ ಕಾಯುವುದಕ್ಕೂ ಅನೇಕ ವೇಳೆ ಇದೇ ಕಾರಣವಾಗಿರುತ್ತದೆ.

ಹಿನ್ನೆಲೆ

ಮುದ್ರಿತ ಜಾಹೀರಾತುಗಳ ಕಾಲದಲ್ಲಿ ದಿನಾಂಕದ ಪ್ರಕಾರ ಸೋಸುವ ಅಗತ್ಯವೇ ಇರಲಿಲ್ಲ. ಪತ್ರಿಕೆಯ ಪ್ರತಿ ಪುಟದ ತಲೆಯಲ್ಲಿ ದಿನಾಂಕ ಅಚ್ಚಾಗಿರುತ್ತಿತ್ತು. ಹಳೆಯ ಸಂಚಿಕೆ ರದ್ದಿಗೆ ಹೋದೊಡನೆ ಅದರೊಳಗಿನ ಪ್ರಕಟಣೆಯೂ ಹೋಗುತ್ತಿತ್ತು. ಭಾರತ ಸರ್ಕಾರವು 1976ರಲ್ಲಿ ಆರಂಭಿಸಿದ ‘ಎಂಪ್ಲಾಯ್‌ಮೆಂಟ್ ನ್ಯೂಸ್’ ವಾರಪತ್ರಿಕೆಯ ಓದುಗರಿಗೆ ಈ ವಾರದ ಸಂಚಿಕೆ ಯಾವುದು ಎಂದು ತಿಳಿದಿದ್ದರೆ ಸಾಕಾಗಿತ್ತು. ಉದ್ಯೋಗ ವಿನಿಮಯ ಕೇಂದ್ರಗಳಲ್ಲಿಯಂತೂ ದಿನಾಂಕದ ಪಾತ್ರ ತಿರುವುಮುರುವಾಗಿತ್ತು. ಅಲ್ಲಿ ಮುಖ್ಯವಾಗಿದ್ದುದು ಪ್ರಕಟಣೆಯ ದಿನಾಂಕವಲ್ಲ, ಅಭ್ಯರ್ಥಿಯು ಹೆಸರು ನೋಂದಾಯಿಸಿದ ದಿನಾಂಕ. ಖಾಲಿ ಹುದ್ದೆಗಳನ್ನು ಕಡ್ಡಾಯವಾಗಿ ಈ ಕೇಂದ್ರಗಳಿಗೆ ತಿಳಿಸಬೇಕೆಂಬ 1959ರ ಕಾಯಿದೆಯಡಿ ಹುದ್ದೆಗಳ ವಿವರ ಬಂದಾಗ, ಅರ್ಹರಾದವರ ಹೆಸರುಗಳನ್ನು ನೋಂದಣಿಯ ಜ್ಯೇಷ್ಠತೆಯ ಆಧಾರದ ಮೇಲೆ ಕಳುಹಿಸುವುದು ರೂಢಿಯಲ್ಲಿತ್ತು. ನೋಂದಣಿ ಚೀಟಿಯನ್ನು ಕಾಲಕಾಲಕ್ಕೆ ನವೀಕರಿಸಲು ಮರೆತವರು ತಮ್ಮ ಸರದಿಯನ್ನೇ ಕಳೆದುಕೊಳ್ಳುತ್ತಿದ್ದರು.

ಅಂತರಜಾಲ ಬಂದ ಮೇಲೆ ಸ್ಥಿತಿ ಬದಲಾಯಿತು. ಅಮೆರಿಕದಲ್ಲಿ 1994ರಲ್ಲಿ ‘ಮಾನ್‌ಸ್ಟರ್ ಬೋರ್ಡ್’, ಭಾರತದಲ್ಲಿ 1997ರಲ್ಲಿ ‘ನೌಕ್ರಿ’ ಆರಂಭವಾದವು. ಜಾಲಪುಟಕ್ಕೆ ಪತ್ರಿಕೆಯಂತೆ ತಾನಾಗಿಯೇ ಹಳತಾಗುವ ಗುಣವಿಲ್ಲ. ಯಾರಾದರೂ ತೆಗೆದುಹಾಕುವವರೆಗೆ ಅದು ಮೊದಲ ದಿನದಂತೆಯೇ ಹೊಳೆಯುತ್ತಿರುತ್ತದೆ. ಹುದ್ದೆ ಭರ್ತಿಯಾದ ಮೇಲೆ ಪ್ರಕಟಣೆಯನ್ನು ಅಳಿಸುವ ತುರ್ತು ಉದ್ಯೋಗದಾತರಿಗೆ ಇರುವುದಿಲ್ಲ. ಹೀಗಾಗಿ ಹೊಸದು ಹಳೆಯದರೊಡನೆ ಬೆರೆತು, ಬೇರ್ಪಡಿಸುವ ಜರಡಿ ಬೇಕಾಯಿತು.

2004ರಲ್ಲಿ ಆರಂಭವಾದ ‘ಇಂಡೀಡ್’ನಂತಹ ಸಂಗ್ರಾಹಕ ತಾಣಗಳು ಬೇರೆ ಬೇರೆ ಕಂಪನಿಗಳ ಮತ್ತು ತಾಣಗಳ ಪ್ರಕಟಣೆಗಳನ್ನು ಯಾಂತ್ರಿಕವಾಗಿ ಕಲೆಹಾಕತೊಡಗಿದಾಗ ಮತ್ತೊಂದು ದಿನಾಂಕ ಹುಟ್ಟಿಕೊಂಡಿತು. ಅದು ಸಂಗ್ರಾಹಕ ಯಂತ್ರವು ಆ ಪ್ರಕಟಣೆಯನ್ನು ಮೊದಲ ಬಾರಿಗೆ ಕಂಡ ದಿನ. ಗೂಗಲ್ ತನ್ನ ಉದ್ಯೋಗ ಶೋಧ ಸೌಲಭ್ಯವನ್ನು 2017ರಲ್ಲಿ ಅಮೆರಿಕದಲ್ಲಿಯೂ 2018ರಲ್ಲಿ ಭಾರತದಲ್ಲಿಯೂ ಆರಂಭಿಸಿತು.

ಒಂದು ಪ್ರಕಟಣೆಯ ಹಲವು ದಿನಾಂಕಗಳು

ಖಾಸಗಿ ಕಂಪನಿಯೊಂದರ ಸಾಮಾನ್ಯ ಪ್ರಕಟಣೆಯಲ್ಲಿಯೂ ಕನಿಷ್ಠ ನಾಲ್ಕೈದು ದಿನಾಂಕಗಳು ದಾಖಲಾಗಿರಬಹುದು. ನೇಮಕಾತಿ ವಿಭಾಗವು ಅದನ್ನು ತನ್ನ ಗಣಕದಲ್ಲಿ ಸಿದ್ಧಪಡಿಸಿದ ದಿನ, ಸಾರ್ವಜನಿಕರಿಗೆ ಪ್ರಕಟವಾದ ದಿನ, ತಿದ್ದುಪಡಿ ಅಥವಾ ನವೀಕರಣವಾದ ದಿನ, ಸಂಗ್ರಾಹಕ ತಾಣಕ್ಕೆ ಸಿಕ್ಕಿದ ದಿನ, ಅರ್ಜಿ ಸಲ್ಲಿಸಲು ಕೊನೆಯ ದಿನ ಇವು ಮುಖ್ಯವಾದವು. ಇವುಗಳ ಜೊತೆಗೆ, ಜಾಹೀರಾತಿಗೆ ತೆತ್ತ ಹಣದ ಅವಧಿ ಮುಗಿಯುವ ದಿನವೂ ಉಂಟು. ಹುದ್ದೆ ಖಾಲಿಯಿದ್ದರೂ ಆ ದಿನ ಪ್ರಕಟಣೆ ತಾಣದಿಂದ ಇಳಿಯುತ್ತದೆ.

ಉದಾಹರಣೆಗೆ, ಹುಬ್ಬಳ್ಳಿಯ ಸಂಸ್ಥೆಯೊಂದು ಲೆಕ್ಕಿಗರ ಹುದ್ದೆಗೆ ಜೂನ್ 1ರಂದು ಪ್ರಕಟಣೆ ಹೊರಡಿಸಿತೆಂದು ಭಾವಿಸಬಹುದು. ಸಾಕಷ್ಟು ಅರ್ಜಿಗಳು ಬಾರದ ಕಾರಣ ಜೂನ್ 21ರಂದು ಅದನ್ನೇ ನವೀಕರಿಸುತ್ತದೆ. ಸಂಗ್ರಾಹಕ ತಾಣವೊಂದು ಅದನ್ನು ಜೂನ್ 22ರಂದು ಮೊದಲು ಕಾಣುತ್ತದೆ. ಜೂನ್ 23ರಂದು ಉದ್ಯೋಗಾರ್ಥಿಯೊಬ್ಬರು ‘ಕಳೆದ 3 ದಿನ’ ಎಂಬ ಆಯ್ಕೆಯೊಡನೆ ಹುಡುಕುತ್ತಾರೆ. ಮೊದಲ ಪ್ರಕಟಣೆಯ ದಿನಾಂಕವನ್ನು ಅನುಸರಿಸುವ ತಾಣದಲ್ಲಿ ಈ ಹುದ್ದೆ ಕಾಣುವುದೇ ಇಲ್ಲ. ನವೀಕರಣದ ದಿನಾಂಕವನ್ನು ಅನುಸರಿಸುವ ತಾಣದಲ್ಲಿ ‘2 ದಿನಗಳ ಹಿಂದೆ’ ಎಂದೂ, ಸಂಗ್ರಾಹಕ ತಾಣದಲ್ಲಿ ‘1 ದಿನದ ಹಿಂದೆ’ ಎಂದೂ ಕಾಣುತ್ತದೆ. ಮೂರು ತಾಣಗಳೂ ತಮ್ಮ ತಮ್ಮ ಲೆಕ್ಕದಲ್ಲಿ ಸರಿಯಾಗಿಯೇ ಇವೆ. ಆದರೆ ಹುದ್ದೆಯ ನಿಜವಾದ ವಯಸ್ಸು 22 ದಿನ ಎಂಬುದನ್ನು ಮೂರರಲ್ಲಿ ಒಂದೂ ಹೇಳಲಿಲ್ಲ.

ಈ ಗೊಂದಲವನ್ನು ತಗ್ಗಿಸಲು ಸ್ಕೀಮಾ.ಆರ್ಗ್ ಎಂಬ ಸಾಮಾನ್ಯ ಶಬ್ದಸೂಚಿಯು ನೆರವಾಗುತ್ತದೆ. ಗೂಗಲ್, ಬಿಂಗ್ ಮತ್ತು ಯಾಹೂ ಸೇರಿ 2011ರಲ್ಲಿ ಇದನ್ನು ಆರಂಭಿಸಿದವು. ಜಾಲಪುಟದ ಮಾಹಿತಿಯನ್ನು ಯಂತ್ರಗಳು ತಪ್ಪಿಲ್ಲದೆ ಓದುವಂತೆ ಗುರುತು ಮಾಡುವುದು ಇದರ ಉದ್ದೇಶ. ಇದರಲ್ಲಿ ‘ಜಾಬ್‌ಪೋಸ್ಟಿಂಗ್’ ಎಂಬ ವರ್ಗವಿದ್ದು, ಪ್ರಕಟಣೆಯ ದಿನಕ್ಕೆ ‘ಡೇಟ್‌ಪೋಸ್ಟೆಡ್’ ಎಂದೂ, ಪ್ರಕಟಣೆ ಊರ್ಜಿತವಾಗಿರುವ ಕೊನೆಯ ದಿನಕ್ಕೆ ‘ವ್ಯಾಲಿಡ್‌ಥ್ರೂ’ ಎಂದೂ ಪ್ರತ್ಯೇಕ ಗುಣಗಳನ್ನು ಕೊಡಲಾಗಿದೆ. ಗೂಗಲ್‌ನ ಮಾರ್ಗಸೂಚಿಯ ಪ್ರಕಾರ ಮೊದಲನೆಯದು ಕಡ್ಡಾಯ; ಗಡುವು ಇರುವ ಹುದ್ದೆಗಳಿಗೆ ಎರಡನೆಯದನ್ನೂ ನಮೂದಿಸಬೇಕು. ಅವಧಿ ಮುಗಿದ ಪ್ರಕಟಣೆಯ ಪುಟವನ್ನು ತೆಗೆದುಹಾಕುವುದು ಅಥವಾ ಅದರ ಅವಧಿ ಮುಗಿದಿದೆಯೆಂದು ಯಂತ್ರಕ್ಕೆ ತಿಳಿಯುವಂತೆ ಮಾಡುವುದು ಪ್ರಕಾಶಕರ ಹೊಣೆ. ಶಬ್ದಸೂಚಿ ಒಳ್ಳೆಯದೇ, ಆದರೆ ಅದರಲ್ಲಿ ತುಂಬುವ ದಿನಾಂಕ ಸುಳ್ಳಾಗಿದ್ದರೆ ಅದನ್ನು ಶಬ್ದಸೂಚಿ ಸರಿಪಡಿಸಲಾರದು.

ಕಾರ್ಯವಿಧಾನ

ತಾಂತ್ರಿಕವಾಗಿ ದಿನಾಂಕದ ಸೋಸುವಿಕೆಯು ಒಂದು ವ್ಯಾಪ್ತಿಯ ಹೋಲಿಕೆ. ಈ ಕ್ಷಣದಿಂದ ಬೇಕಾದ ಅವಧಿಯನ್ನು ಕಳೆದು ಒಂದು ಎಲ್ಲೆಯನ್ನು ಗೊತ್ತುಪಡಿಸಲಾಗುತ್ತದೆ. ಆ ಎಲ್ಲೆಯ ಈಚೆಗಿರುವ ದಾಖಲೆಗಳು ಉಳಿಯುತ್ತವೆ. ಗಣಕಗಳು ಸಾಮಾನ್ಯವಾಗಿ ಕಾಲವನ್ನು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳ ಅಥವಾ ಮಿಲಿಸೆಕೆಂಡುಗಳ ಸಂಖ್ಯೆಯಾಗಿ ಇಟ್ಟುಕೊಳ್ಳುವುದರಿಂದ ಇದು ಎರಡು ಸಂಖ್ಯೆಗಳ ಹೋಲಿಕೆಯಷ್ಟೇ ಆಗುತ್ತದೆ. ಒಂದು ದಿನಕ್ಕೆ 86,400 ಸೆಕೆಂಡು, ಒಂದು ವಾರಕ್ಕೆ 6,04,800 ಸೆಕೆಂಡು, 30 ದಿನಗಳಿಗೆ 25,92,000 ಸೆಕೆಂಡು. ಲಿಂಕ್ಡ್‌ಇನ್ ತಾಣದಲ್ಲಿ ದಿನಾಂಕದ ಆಯ್ಕೆ ಮಾಡಿದಾಗ ಬ್ರೌಸರಿನ ವಿಳಾಸಪಟ್ಟಿಯಲ್ಲಿ ಈ ಅಂಕಿಗಳನ್ನೇ ಕಾಣಬಹುದು.

‘ಕಳೆದ 24 ಗಂಟೆ’ ಮತ್ತು ‘ಇಂದು’ ಎಂಬ ಎರಡು ಮಾತುಗಳು ಒಂದೇ ಅಲ್ಲ. ಮೊದಲನೆಯದು ಹುಡುಕುವ ಕ್ಷಣದೊಂದಿಗೆ ಉರುಳುತ್ತ ಸಾಗುವ ಅವಧಿ. ಎರಡನೆಯದು ಮಧ್ಯರಾತ್ರಿಯಿಂದ ಆರಂಭವಾಗುವ ಪಂಚಾಂಗದ ದಿನ. ಶನಿವಾರ ಸಂಜೆ 5 ಗಂಟೆಗೆ ಪ್ರಕಟವಾದ ಹುದ್ದೆಯು, ಸೋಮವಾರ ಬೆಳಿಗ್ಗೆ 9 ಗಂಟೆಗೆ ‘ಕಳೆದ 24 ಗಂಟೆ’ ಎಂದು ಹುಡುಕುವವರಿಗೆ ಸಿಗುವುದಿಲ್ಲ. ಭಾನುವಾರ ಗಣಕವನ್ನು ಮುಟ್ಟದವರು ಸೋಮವಾರ ಮೂರು ದಿನಗಳ ಆಯ್ಕೆಯನ್ನು ಬಳಸಬೇಕಾಗುತ್ತದೆ.

ಕಾಲವಲಯವೂ ಲೆಕ್ಕವನ್ನು ತಪ್ಪಿಸುತ್ತದೆ. ಭಾರತೀಯ ಕಾಲಮಾನವು ಸಂಘಟಿತ ಸಾರ್ವತ್ರಿಕ ಕಾಲಮಾನಕ್ಕಿಂತ, ಅಂದರೆ ಯುಟಿಸಿಗಿಂತ, 5 ಗಂಟೆ 30 ನಿಮಿಷ ಮುಂದಿದೆ. ಬೆಂಗಳೂರಿನಲ್ಲಿ 10ನೆಯ ತಾರೀಖು ನಸುಕಿನ 4 ಗಂಟೆಗೆ ಪ್ರಕಟವಾದದ್ದು ಯುಟಿಸಿ ಲೆಕ್ಕದಲ್ಲಿ 9ನೆಯ ತಾರೀಖು ರಾತ್ರಿ 10.30ಕ್ಕೆ ದಾಖಲಾಗುತ್ತದೆ. ಗಂಟೆಯನ್ನು ಬಿಟ್ಟು ತಾರೀಖನ್ನು ಮಾತ್ರ ಉಳಿಸಿಕೊಳ್ಳುವ ವ್ಯವಸ್ಥೆಯಲ್ಲಿ ಪ್ರಕಟಣೆಗೆ ಹುಟ್ಟುವಾಗಲೇ ಒಂದು ದಿನ ವಯಸ್ಸಾಗಿರುತ್ತದೆ.

ಕೊನೆಯ ದಿನಾಂಕದ ವಿಷಯದಲ್ಲಿ ಇಂತಹ ತಪ್ಪು ಇನ್ನಷ್ಟು ದುಬಾರಿ. ‘ಜೂನ್ 30 ಕೊನೆಯ ದಿನ’ ಎಂದು ಓದಿದ ಮನುಷ್ಯರಿಗೆ 30ರ ರಾತ್ರಿಯವರೆಗೂ ಸಮಯವಿದೆ ಎಂದು ಅರ್ಥವಾಗುತ್ತದೆ. ಗಂಟೆಯನ್ನು ನಮೂದಿಸದಿದ್ದಾಗ ಅನೇಕ ತಂತ್ರಾಂಶಗಳು ಅದನ್ನು 30ನೆಯ ತಾರೀಖಿನ ಶೂನ್ಯ ಗಂಟೆ, ಅಂದರೆ 29ರ ಮಧ್ಯರಾತ್ರಿ ಎಂದು ಗ್ರಹಿಸುತ್ತವೆ. ಪರಿಣಾಮವಾಗಿ ಇನ್ನೂ ಒಂದು ಇಡೀ ದಿನ ಉಳಿದಿರುವಾಗಲೇ ಪ್ರಕಟಣೆ ಮರೆಯಾಗುತ್ತದೆ. ಕೊನೆಯ ದಿನವೇ ಅರ್ಜಿ ತುಂಬುವವರ ಸಂಖ್ಯೆ ಎಷ್ಟೆಂಬುದು ಸೈಬರ್ ಕೇಂದ್ರ ನಡೆಸುವವರಿಗೆ ಚೆನ್ನಾಗಿ ಗೊತ್ತು.

ದಿನಾಂಕವನ್ನು ಬರೆಯುವ ಕ್ರಮವೂ ಗಮನಾರ್ಹ. 03/04/2024 ಎಂಬುದು ಭಾರತದಲ್ಲಿ ಏಪ್ರಿಲ್ 3, ಅಮೆರಿಕದಲ್ಲಿ ಮಾರ್ಚ್ 4. ದಿನ, ತಿಂಗಳು, ವರ್ಷ ಎಂಬ ಕ್ರಮದಲ್ಲಿ ಬರೆದ ದಿನಾಂಕಗಳನ್ನು ಗಣಕವು ಬರಿಯ ಅಕ್ಷರಗಳೆಂದು ಭಾವಿಸಿ ಜೋಡಿಸಿದರೆ 02-11-2023 ಎಂಬ ನವೆಂಬರ್ ದಿನಾಂಕವು 15-01-2023 ಎಂಬ ಜನವರಿ ದಿನಾಂಕಕ್ಕಿಂತ ಮೊದಲು ಬರುತ್ತದೆ. ಐಎಸ್‌ಒ 8601 ಎಂಬ ಅಂತರರಾಷ್ಟ್ರೀಯ ಮಾನಕವು ವರ್ಷ, ತಿಂಗಳು, ದಿನ ಎಂಬ ಕ್ರಮವನ್ನು ವಿಧಿಸಿರುವುದರಿಂದ ಅಲ್ಲಿ ಅಕ್ಷರಕ್ರಮವೂ ಕಾಲಕ್ರಮವೂ ಒಂದೇ ಆಗುತ್ತವೆ. ಕಚೇರಿಗಳಲ್ಲಿ ಎಕ್ಸೆಲ್ ಹಾಳೆಗಳನ್ನು ನಿರ್ವಹಿಸುವವರಿಗೂ ಈ ಕ್ರಮ ಉಪಯುಕ್ತ.

ಲಕ್ಷಾಂತರ ಪ್ರಕಟಣೆಗಳಿರುವ ತಾಣದಲ್ಲಿ ಪ್ರತಿಯೊಂದರ ದಿನಾಂಕವನ್ನೂ ಒಂದೊಂದಾಗಿ ನೋಡುವುದು ಸಾಧ್ಯವಿಲ್ಲ. ಆದ್ದರಿಂದ ಪುಸ್ತಕದ ಕೊನೆಯ ಪದಸೂಚಿಯಂತೆ ದಿನಾಂಕಗಳಿಗೂ ಒಂದು ಸೂಚಿಯನ್ನು ಮೊದಲೇ ಸಿದ್ಧಪಡಿಸಿಡಲಾಗುತ್ತದೆ. ಇಲಾಸ್ಟಿಕ್‌ಸರ್ಚ್ ಮತ್ತು ಸೋಲಾರ್ ಎಂಬ ಪ್ರಸಿದ್ಧ ಶೋಧ ತಂತ್ರಾಂಶಗಳು ಲೂಸೀನ್ ಎಂಬ ಮುಕ್ತ ತಂತ್ರಾಂಶವನ್ನು ಆಧರಿಸಿವೆ. 2016ರಲ್ಲಿ ಬಂದ ಲೂಸೀನ್‌ನ 6ನೆಯ ಆವೃತ್ತಿಯಿಂದ ಸಂಖ್ಯೆಗಳನ್ನೂ ದಿನಾಂಕಗಳನ್ನೂ ಬಿಕೆಡಿ ವೃಕ್ಷವೆಂಬ ರಚನೆಯಲ್ಲಿ ಇಡಲಾಗುತ್ತಿದೆ. ಎಲ್ಲೆಯ ಆಚೆಗಿರುವ ಕೊಂಬೆಗಳನ್ನು ತೆರೆಯದೆಯೇ ಬಿಟ್ಟುಬಿಡುವುದು ಇದರ ಅನುಕೂಲ. ಒಮ್ಮೆ ಸೋಸಿದ ಫಲಿತಾಂಶವನ್ನು ಮತ್ತೆ ಬಳಸಲು ಅನುವಾಗುವಂತೆ ‘ಈ ಕ್ಷಣ’ ಎಂಬುದನ್ನು ಸಮೀಪದ ಗಂಟೆಗೋ ದಿನಕ್ಕೋ ಇಳಿಸುವ ಪದ್ಧತಿಯೂ ಇದೆ. ಕೆಲವು ತಾಣಗಳಲ್ಲಿ ಎಷ್ಟು ಸಲ ಪುಟವನ್ನು ಹೊಸದಾಗಿ ತೆರೆದರೂ ಅದೇ ಪಟ್ಟಿ ಬರುವುದಕ್ಕೆ ಇದೂ ಒಂದು ಕಾರಣ.

ಸೋಸುವಿಕೆ ಮತ್ತು ಜೋಡಣೆ

ಇವೆರಡನ್ನೂ ಒಂದೇ ಎಂದು ತಿಳಿಯುವುದು ಸಾಮಾನ್ಯ ತಪ್ಪು. ಸೋಸುವಿಕೆಯು ಪಟ್ಟಿಯಿಂದ ತೆಗೆದುಹಾಕುತ್ತದೆ. ಜೋಡಣೆಯು ಇದ್ದವನ್ನೇ ಹಿಂದುಮುಂದು ಮಾಡುತ್ತದೆ. ಅನೇಕ ತಾಣಗಳು ಪಟ್ಟಿಯನ್ನು ಮೊದಲು ‘ಪ್ರಸ್ತುತತೆ’ಯ ಪ್ರಕಾರ ತೋರಿಸುತ್ತವೆ. ಹೀಗಾಗಿ ‘ಕಳೆದ 7 ದಿನ’ ಎಂದು ಆರಿಸಿದರೂ ಮೇಲ್ಭಾಗದಲ್ಲಿ ಆರು ದಿನಗಳ ಹಿಂದಿನ ಹುದ್ದೆಯೂ, ಮೂರನೆಯ ಪುಟದಲ್ಲಿ ಇಂದಿನ ಹುದ್ದೆಯೂ ಇರಬಹುದು. ಹಣ ತೆತ್ತ ಪ್ರಕಟಣೆಗಳು ಮೇಲಕ್ಕೆ ಬರುವುದು ಬೇರೆ ಮಾತು. ಕೆಲವು ವ್ಯವಸ್ಥೆಗಳು ಮಧ್ಯಮ ಮಾರ್ಗವನ್ನು ಹಿಡಿದು, ದಿನಗಳು ಕಳೆದಂತೆ ಪ್ರಕಟಣೆಯ ಅಂಕವನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತವೆ. ಇದರಲ್ಲಿ ಹಳೆಯದಾದರೂ ಬಹಳ ಹೊಂದುವ ಹುದ್ದೆ ಪೂರ್ತಿ ಕಣ್ಮರೆಯಾಗುವುದಿಲ್ಲ.

ಮರುಪ್ರಕಟಣೆ

ಹೊಸದಾಗಿ ಕಾಣುವ ಪ್ರಕಟಣೆಗೆ ಹೆಚ್ಚು ಅರ್ಜಿಗಳು ಬರುವುದರಿಂದ ಹಳೆಯದನ್ನೇ ಅಳಿಸಿ ಮತ್ತೆ ಹಾಕುವುದು, ಇಲ್ಲವೇ ಒಂದೆರಡು ಪದಗಳನ್ನು ಬದಲಿಸಿ ನವೀಕರಿಸುವುದು ನೇಮಕಾತಿ ವಲಯದಲ್ಲಿ ರೂಢಿಯಾಗಿದೆ. ಇದೆಲ್ಲವೂ ವಂಚನೆಯಲ್ಲ. ಆಯ್ಕೆಯಾದವರು ಸೇರದೆ ಹೋದರೆ ಹುದ್ದೆ ನಿಜವಾಗಿಯೂ ಮತ್ತೆ ತೆರೆಯುತ್ತದೆ. ಆದರೆ ಯಾವ ಹುದ್ದೆಯೂ ಖಾಲಿಯಿಲ್ಲದಿರುವಾಗ ಅರ್ಜಿಗಳ ಸಂಗ್ರಹಕ್ಕಾಗಿಯೇ ಪ್ರಕಟಣೆಯನ್ನು ಜೀವಂತವಾಗಿಡುವ ಅಭ್ಯಾಸವೂ ಇದೆ. ಇಂಗ್ಲಿಷಿನಲ್ಲಿ ಇವುಗಳಿಗೆ ‘ಘೋಸ್ಟ್ ಜಾಬ್’ ಎಂಬ ಹೆಸರು ಬಿದ್ದಿದೆ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ 25 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳು ಸಾರ್ವಜನಿಕ ಉದ್ಯೋಗ ಪ್ರಕಟಣೆಯಲ್ಲಿ ಹುದ್ದೆ ಸದ್ಯ ಖಾಲಿಯಿದೆಯೇ ಎಂಬುದನ್ನು ಹೇಳಬೇಕೆಂಬ ನಿಯಮ 2026ರ ಜನವರಿ 1ರಿಂದ ಜಾರಿಗೆ ಬಂದಿದೆ.

ಒಂದೇ ಹುದ್ದೆಯ ಮರುಪ್ರಕಟಣೆಯನ್ನು ಗುರುತಿಸಲು ಶೋಧ ವ್ಯವಸ್ಥೆಗಳು ಸಂಸ್ಥೆಯ ಹೆಸರು, ಊರು, ಹುದ್ದೆಯ ಹೆಸರು ಮತ್ತು ವಿವರಣೆಯ ಪಠ್ಯವನ್ನು ಹಳೆಯ ದಾಖಲೆಗಳೊಡನೆ ಹೋಲಿಸುತ್ತವೆ. ಓದುಗರೂ ಇದನ್ನು ಮಾಡಬಹುದು: ವಿವರಣೆಯ ಒಂದು ಇಡೀ ವಾಕ್ಯವನ್ನು ಉದ್ಧರಣ ಚಿಹ್ನೆಗಳ ನಡುವೆ ಇಟ್ಟು ಸಾಮಾನ್ಯ ಶೋಧಯಂತ್ರದಲ್ಲಿ ಹುಡುಕಿದರೆ ಅದರ ಹಳೆಯ ರೂಪಗಳು ಅನೇಕ ವೇಳೆ ಸಿಗುತ್ತವೆ. ಅಂತಿಮವಾಗಿ ಕಂಪನಿಯ ಸ್ವಂತ ಜಾಲತಾಣದಲ್ಲಿ ಹುದ್ದೆ ಇನ್ನೂ ಇದೆಯೇ ಎಂದು ನೋಡುವುದೇ ಹೆಚ್ಚು ಭರವಸೆಯ ಕ್ರಮ.

ಸರ್ಕಾರಿ ನೇಮಕಾತಿಯಲ್ಲಿ ದಿನಾಂಕ

ಖಾಸಗಿ ನೇಮಕಾತಿಗೆಂದು ರೂಪುಗೊಂಡ ದಿನಾಂಕ ಫಿಲ್ಟರ್ ಸರ್ಕಾರಿ ಹುದ್ದೆಗಳನ್ನು ಹುಡುಕುವವರಿಗೆ ಅಷ್ಟಾಗಿ ಒಗ್ಗುವುದಿಲ್ಲ. ಖಾಸಗಿ ಕಂಪನಿಯಲ್ಲಿ ಮೊದಲು ಬಂದ ಅರ್ಜಿಯನ್ನು ಮೊದಲು ನೋಡಿ ಹುದ್ದೆಯನ್ನು ತುಂಬಿಬಿಡಬಹುದು. ಆದ್ದರಿಂದ ಅಲ್ಲಿ ಬೇಗ ತಲಪುವುದಕ್ಕೆ ಬೆಲೆಯಿದೆ. ಕೇಂದ್ರ ಲೋಕಸೇವಾ ಆಯೋಗ ಅಥವಾ ಕರ್ನಾಟಕ ಲೋಕಸೇವಾ ಆಯೋಗದ ಅಧಿಸೂಚನೆಗೆ ಮೊದಲ ದಿನ ಸಲ್ಲಿಸಿದ ಅರ್ಜಿಗೂ ಕೊನೆಯ ದಿನ ಸಲ್ಲಿಸಿದ ಅರ್ಜಿಗೂ ಆಯ್ಕೆಯಲ್ಲಿ ವ್ಯತ್ಯಾಸವಿಲ್ಲ. ಅಲ್ಲಿ ನಿರ್ಣಾಯಕವಾದದ್ದು ಕೊನೆಯ ದಿನಾಂಕ. 25 ದಿನಗಳ ಹಿಂದೆ ಹೊರಬಿದ್ದು ಇನ್ನೂ ಐದು ದಿನ ಗಡುವಿರುವ ಅಧಿಸೂಚನೆಯು ‘ಕಳೆದ 7 ದಿನ’ ಎಂಬ ಜರಡಿಯಲ್ಲಿ ಕೆಳಗೆ ಬಿದ್ದುಹೋಗುತ್ತದೆ. ಸರ್ಕಾರಿ ಹುದ್ದೆಗಳ ಮಟ್ಟಿಗೆ ಪ್ರಕಟಣೆಯ ದಿನದ ಬದಲು ‘ಗಡುವು ಮುಗಿಯದವು’ ಎಂಬ ಸೋಸುವಿಕೆಯೂ, ಗಡುವು ಸಮೀಪವಿರುವುದು ಮೊದಲು ಬರುವ ಜೋಡಣೆಯೂ ಹೆಚ್ಚು ಪ್ರಯೋಜನಕಾರಿ.

ಇಲ್ಲಿ ದಿನಾಂಕಗಳ ಸಂಖ್ಯೆಯೂ ಹೆಚ್ಚು. ಅಧಿಸೂಚನೆಯ ದಿನ, ಅರ್ಜಿ ಆರಂಭದ ದಿನ, ಕೊನೆಯ ದಿನ, ಶುಲ್ಕ ಪಾವತಿಯ ಕೊನೆಯ ದಿನ, ಪರೀಕ್ಷೆಯ ದಿನ, ವಯೋಮಿತಿಯನ್ನು ಲೆಕ್ಕ ಹಾಕುವ ದಿನ ಹೀಗೆ ಪಟ್ಟಿ ಬೆಳೆಯುತ್ತದೆ. ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಗೆ ವಯಸ್ಸನ್ನು ಪರೀಕ್ಷಾ ವರ್ಷದ ಆಗಸ್ಟ್ 1ಕ್ಕೆ ಲೆಕ್ಕ ಹಾಕಲಾಗುತ್ತದೆ. ಕರ್ನಾಟಕದ ನೇಮಕಾತಿ ಅಧಿಸೂಚನೆಗಳಲ್ಲಿ ಸಾಮಾನ್ಯವಾಗಿ ಅರ್ಜಿ ಸಲ್ಲಿಸಲು ನಿಗದಿಯಾದ ಕೊನೆಯ ದಿನಾಂಕವೇ ವಯಸ್ಸಿಗೂ ಆಧಾರ. ಕೆಲವೇ ದಿನಗಳ ಅಂತರದಿಂದ ವಯೋಮಿತಿ ಮೀರುವ ಅಭ್ಯರ್ಥಿಗೆ ಇದೊಂದೇ ದಿನಾಂಕ ಉಳಿದೆಲ್ಲಕ್ಕಿಂತ ದೊಡ್ಡದು.

ತಿದ್ದುಪಡಿ ಅಧಿಸೂಚನೆಗಳು ಮತ್ತೊಂದು ಸಮಸ್ಯೆ. ಕೊನೆಯ ದಿನಾಂಕವನ್ನು ವಿಸ್ತರಿಸಿ ಇಲಾಖೆಯು ತನ್ನ ತಾಣದಲ್ಲಿ ಪ್ರತ್ಯೇಕ ಪುಟ ಹಾಕುತ್ತದೆ; ಸಂಗ್ರಾಹಕ ತಾಣಗಳಲ್ಲಿ ಮೂಲ ದಾಖಲೆ ಹಳೆಯ ಗಡುವಿನೊಡನೆಯೇ ಉಳಿದು ‘ಅವಧಿ ಮುಗಿದಿದೆ’ ಎಂಬ ಹಣೆಪಟ್ಟಿ ಹೊರುತ್ತದೆ. ಇದಕ್ಕೆ ವಿರುದ್ಧವಾಗಿ, ಗಡುವು ಮುಗಿದ ಅಧಿಸೂಚನೆಗಳು ದಿನಾಂಕದ ಭಾಗವನ್ನು ಕತ್ತರಿಸಿಕೊಂಡು ವಾಟ್ಸ್‌ಆ್ಯಪ್‌ನಲ್ಲಿ ವರ್ಷಗಟ್ಟಲೆ ಸುತ್ತುತ್ತಿರುತ್ತವೆ. ಅಧಿಸೂಚನೆಯ ಸಂಖ್ಯೆಯನ್ನು ಹಿಡಿದು ಇಲಾಖೆಯ ತಾಣದಲ್ಲಿ ಹುಡುಕುವುದರಿಂದ ಎರಡೂ ಬಗೆಯ ತಪ್ಪುಗಳನ್ನು ತಪ್ಪಿಸಬಹುದು. ಕೇಂದ್ರ ಕಾರ್ಮಿಕ ಸಚಿವಾಲಯವು 2015ರಲ್ಲಿ ಆರಂಭಿಸಿದ ನ್ಯಾಷನಲ್ ಕರಿಯರ್ ಸರ್ವಿಸ್ ಜಾಲತಾಣದಲ್ಲಿ ಉದ್ಯೋಗಾರ್ಥಿಗಳು ಉಚಿತವಾಗಿ ನೋಂದಾಯಿಸಿಕೊಂಡು ಹುದ್ದೆಗಳನ್ನು ಹುಡುಕಬಹುದು.

ಕನ್ನಡದ ಅಧಿಸೂಚನೆಗಳು

ಕನ್ನಡದಲ್ಲಿ ಹೊರಡುವ ಅಧಿಸೂಚನೆಗಳ ದಿನಾಂಕವನ್ನು ಯಂತ್ರಗಳು ಓದುವಲ್ಲಿ ವಿಶೇಷ ಅಡಚಣೆಗಳಿವೆ. ಅನೇಕ ಆದೇಶಗಳು ಸಹಿ ಮೊಹರುಗಳೊಡನೆ ಸ್ಕ್ಯಾನ್ ಮಾಡಿದ ಪಿಡಿಎಫ್ ಕಡತಗಳಾಗಿರುತ್ತವೆ. ಅವು ಯಂತ್ರದ ದೃಷ್ಟಿಯಲ್ಲಿ ಚಿತ್ರಗಳೇ ಹೊರತು ಅಕ್ಷರಗಳಲ್ಲ. ಯೂನಿಕೋಡ್ ಪೂರ್ವದ ನುಡಿ, ಬರಹ ಫಾಂಟುಗಳಲ್ಲಿ ಸಿದ್ಧವಾದ ಹಳೆಯ ಕಡತಗಳಿಂದ ಪಠ್ಯವನ್ನು ಹೊರತೆಗೆದರೆ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ಸಾಲು ಸಿಗುತ್ತದೆ. ಕನ್ನಡ ಅಂಕಿಗಳಿಗೆ ಯೂನಿಕೋಡ್‌ನಲ್ಲಿ ಪ್ರತ್ಯೇಕ ಸ್ಥಾನಗಳಿರುವುದರಿಂದ ‘೧೫-೦೬-೨೦೨೪’ ಎಂಬ ದಿನಾಂಕವನ್ನು 15-06-2024 ಎಂದು ಪರಿವರ್ತಿಸುವ ಹೆಜ್ಜೆಯನ್ನು ತಂತ್ರಾಂಶದಲ್ಲಿ ಸೇರಿಸಬೇಕಾಗುತ್ತದೆ. ಪರಿವರ್ತನೆ ಕಠಿಣವೇನಲ್ಲ, ಹತ್ತು ಅಂಕಿಗಳ ಕೋಷ್ಟಕ ಸಾಕು. ಅದನ್ನು ಸೇರಿಸದ ತಾಣಗಳಲ್ಲಿ ದಿನಾಂಕದ ಸ್ಥಳ ಖಾಲಿ ಉಳಿಯುತ್ತದೆ, ಮತ್ತು ದಿನಾಂಕವಿಲ್ಲದ ದಾಖಲೆಯು ಯಾವ ಅವಧಿಯನ್ನು ಆರಿಸಿದರೂ ಫಿಲ್ಟರಿನಿಂದ ಹೊರಗೆ ಉಳಿಯುತ್ತದೆ.

ಅಭ್ಯರ್ಥಿಗಳ ಸೋಸುವಿಕೆ

ಇದೇ ವಿಧಾನವನ್ನು ನೇಮಕಾತಿದಾರರು ಅಭ್ಯರ್ಥಿಗಳ ಮೇಲೆಯೂ ಬಳಸುತ್ತಾರೆ. ಸ್ವವಿವರಗಳ ಸಂಗ್ರಹದಲ್ಲಿ ಹುಡುಕುವಾಗ, ಇತ್ತೀಚೆಗೆ ತಾಣವನ್ನು ಬಳಸಿದ ಅಥವಾ ವಿವರವನ್ನು ನವೀಕರಿಸಿದ ಅಭ್ಯರ್ಥಿಗಳನ್ನು ಮಾತ್ರ ಆರಿಸಿಕೊಳ್ಳುವ ಸೌಲಭ್ಯ ಅವರಿಗಿರುತ್ತದೆ. ಅರ್ಹತೆ ಎಷ್ಟೇ ಇದ್ದರೂ ಆರು ತಿಂಗಳಿಂದ ಖಾತೆಯನ್ನು ತೆರೆಯದವರು ಆ ಪಟ್ಟಿಯಲ್ಲಿ ಬರುವುದಿಲ್ಲ. ಆದಕಾರಣ ಅನೇಕ ಉದ್ಯೋಗಾರ್ಥಿಗಳು ತಮ್ಮ ವಿವರದಲ್ಲಿ ಒಂದು ಸಣ್ಣ ಬದಲಾವಣೆ ಮಾಡಿ ಆಗಾಗ ಉಳಿಸುತ್ತಿರುತ್ತಾರೆ. ಉದ್ಯೋಗ ವಿನಿಮಯ ಕೇಂದ್ರದ ಚೀಟಿಯ ನವೀಕರಣಕ್ಕೂ ಇದಕ್ಕೂ ಹೋಲಿಕೆ ಕಾಣುತ್ತದೆ; ಆದರೆ ಅಲ್ಲಿ ಹಳೆಯ ದಿನಾಂಕ ಇದ್ದವರಿಗೆ ಮೊದಲ ಸರದಿ, ಇಲ್ಲಿ ಹೊಸ ದಿನಾಂಕ ಇದ್ದವರಿಗೆ.